ಆರ್ಲಿಸ್ ಪೆಟಿಗ್ರೂ ಕುರ್ಚಿ ಮಡಚಿದ್ದು

ಆರ್ಲಿಸ್ ಪೆಟಿಗ್ರೂನನ್ನು ನೆನೆದರೆ ನನಗೆ ಮೊದಲು ಬರುವುದು ಸಿಟ್ಟು. ಪ್ರೀತಿ ಆಮೇಲೆ ಬರುತ್ತದೆ, ಅದೂ ಅವನು ಎದುರಿಗೆ ಇಲ್ಲದಿದ್ದರೆ. ಎದುರಿಗೆ ಕೂತು ಬೇಯಿಸಿದ ಕಡಲೆಕಾಯಿ ಸುಲಿಯುತ್ತ, ಸಿಪ್ಪೆಯನ್ನು ನನ್ನ ಕಾರಿನ ಚಾಪೆಯ ಮೇಲೇ ಉದುರಿಸುತ್ತ, "ಬಾಯ್ಡ್, ನಿನ್ನ ಕಾರು ಯಾಕೋ ವಾಸನೆ ಹೊಡೀತಿದೆಯಪ್ಪ" ಎನ್ನುವ ಮನುಷ್ಯನ ಮೇಲೆ ಎಷ್ಟು ಪ್ರೀತಿ ಉಕ್ಕೀತು?

ನಮ್ಮಿಬ್ಬರದೂ ಒಂದೇ ಕಸುಬು. ಕಾಲೇಜಿನಿಂದ ಕಾಲೇಜಿಗೆ ಅಲೆದು, ಕೈಯಲ್ಲಿ ಚೆಂಡು ಹಿಡಿದು ಓಡುವ ನಮ್ಮ ಅಮೆರಿಕದ ಫುಟ್‌ಬಾಲ್ ಆಡುವ ಹುಡುಗರನ್ನು ನೋಡಿ, ಇವನು ದೊಡ್ಡ ಲೀಗಿಗೆ ಲಾಯಕ್ಕು, ಇವನು ಅಲ್ಲ ಎಂದು ನಮ್ಮ ನಮ್ಮ ತಂಡಕ್ಕೆ ಹೇಳುವುದು. ಅವನ ತಂಡ ಉತ್ತರದ ಚಳಿಯೂರಿನದು, ನನ್ನದು ಪಶ್ಚಿಮದ ಮರಳುಗಾಡಿನದು. ಇಬ್ಬರ ಮನೆಯೂ ಮಿಸಿಸಿಪ್ಪಿಯಲ್ಲೇ ಇದ್ದದ್ದರಿಂದ ಇಬ್ಬರ ಪಾಲಿಗೆ ಬಂದದ್ದು ಅವೇ ರಸ್ತೆಗಳು, ಅವೇ ಮೋಟೆಲ್‌ಗಳು, ಅದೇ ಕರಿದ ಮೀನಿನ ಹೋಟೆಲ್. ಎಷ್ಟೋ ಸಲ ಒಂದೇ ಕಾರಿನಲ್ಲಿ ಹೋಗಿ ಬರುತ್ತಿದ್ದೆವು. ಹೆಂಡತಿಯ ಜೊತೆ ಜಗಳವಾದದ್ದು, ಮಂಡಿನೋವು, ಅಳಿಯನ ಸೋಮಾರಿತನ, ಎಲ್ಲ ಹೇಳಿಕೊಳ್ಳಬಹುದು. ನೋಡಲು ಹೋದ ಹುಡುಗ ಹೇಗಿದ್ದಾನೆ ಎಂದು ಮಾತ್ರ ಹೇಳುವಂತಿಲ್ಲ, ಕೇಳುವಂತೆಯೂ ಇಲ್ಲ. ಕೇಳಿದವನನ್ನು ನಮ್ಮಲ್ಲಿ ಯಾರೂ ಮತ್ತೆ ಊಟಕ್ಕೆ ಕರೆಯುವುದಿಲ್ಲ.

ಆರ್ಲಿಸ್ ಚಿಕ್ಕವನಿದ್ದಾಗ ಸ್ವತಃ ರನ್ನಿಂಗ್ ಬ್ಯಾಕ್ ಆಗಿದ್ದವನು. ಚೆಂಡನ್ನು ಎದೆಗವಚಿಕೊಂಡು, ಗುಡ್ಡದಂಥ ಆಳುಗಳು ಮೇಲೆ ಬೀಳಲು ಕಾದಿರುವಾಗಲೇ ಅವರ ನಡುವೆ ನುಗ್ಗುವವನು. ಮಂಡಿ ಹೋಯಿತು, ಆಟ ಹೋಯಿತು. ಶಾಲೆಯೊಂದರಲ್ಲಿ ಚರಿತ್ರೆ ಪಾಠ ಹೇಳಿ, ಅಲ್ಲೇ ಕೋಚ್ ಆಗಿ, ಆಮೇಲೆ ಈ ಕಸುಬಿಗೆ ಬಂದ. ಉಳಿದ ಜಾಗದ ಆಟಗಾರರ ಬಗ್ಗೆ ಅವನ ಮಾತು ನನ್ನ ಮಾತಿಗಿಂತ ಮೇಲಲ್ಲ. ರನ್ನಿಂಗ್ ಬ್ಯಾಕ್ ವಿಷಯಕ್ಕೆ ಬಂದರೆ ಅವನಿಗೆ ಮೈಯೆಲ್ಲ ಕಣ್ಣು. ಕರ್ಮ ನೋಡಿ, ಅವನು ಈ ಕಸುಬಿನಲ್ಲಿ ತಲೆ ನರೆಸಿಕೊಳ್ಳುವ ಹೊತ್ತಿಗೆ ರನ್ನಿಂಗ್ ಬ್ಯಾಕ್ ಯಾರಿಗೂ ಬೇಡವಾದ. ಈಗ ಎಲ್ಲ ತಂಡಗಳಿಗೂ ಚೆಂಡು ಎಸೆಯುವವನು ಬೇಕು, ಹಿಡಿಯುವವನು ಬೇಕು. ಹೊತ್ತು ಓಡುವವನು ಮೂರು ವರ್ಷಕ್ಕೆ ಸವೆದು ಹೋಗುವ ಟೈರಿದ್ದಂತೆ, ಏಪ್ರಿಲ್ ಡ್ರಾಫ್ಟಿನಲ್ಲಿ ಹೊಸ ಹುಡುಗರನ್ನು ಆರಿಸಲು ಸಿಗುವ ಒಳ್ಳೆಯ ಸರದಿಯನ್ನು ಅವನ ಮೇಲೆ ಯಾಕೆ ಹಾಳು ಮಾಡಬೇಕು ಎನ್ನುತ್ತಾರೆ ಮೇಲಿನವರು. ಅದನ್ನು ಕೇಳಿದಾಗೆಲ್ಲ ಆರ್ಲಿಸ್ ಹಲ್ಲು ಕಡಿಯುತ್ತಿದ್ದ.

ಅವನ ದೊಡ್ಡ ದೋಷವೆಂದರೆ ಮುಖ. ಇಷ್ಟವಾದದ್ದನ್ನು ಮುಚ್ಚಿಡಲು ಬರುತ್ತಲೇ ಇರಲಿಲ್ಲ. ಹುಡುಗ ಚೆನ್ನಾಗಿದ್ದರೆ ಕಡಲೆಕಾಯಿ ಜಗಿಯುವುದು ನಿಲ್ಲುತ್ತಿತ್ತು. ಇನ್ನೂ ಚೆನ್ನಾಗಿದ್ದರೆ ಕೂತ ಜಾಗದಿಂದ ಎದ್ದು ನಿಲ್ಲುತ್ತಿದ್ದ. ಒಮ್ಮೆ ಅಲಬಾಮಾದಲ್ಲಿ ಹೀಗೇ ಎದ್ದು ನಿಂತು ಚಪ್ಪಾಳೆ ಹೊಡೆದುಬಿಟ್ಟ. ಇಡೀ ಸಾಲು ಅವನತ್ತ ತಿರುಗಿ ನೋಡಿತು. ಆ ಏಪ್ರಿಲ್‌ನಲ್ಲಿ ಅವನ ತಂಡದ ಸರದಿಗೆ ಸ್ವಲ್ಪ ಮುಂಚೆ, ಆ ಸಾಲಿನಲ್ಲೇ ಕೂತಿದ್ದ ಒಬ್ಬನ ತಂಡ ಆ ಹುಡುಗನನ್ನು ಎತ್ತಿಕೊಂಡು ಹೋಯಿತು. ಆರ್ಲಿಸ್‌ನ ಮೇಲಿನವರು ಅವನಿಗೆ ಮಂಗಳಾರತಿ ಮಾಡಿದರು. ಅವತ್ತಿನಿಂದ ಅವನಿಗೆ ಹುಚ್ಚು ಹಿಡಿಯಿತು: ಇನ್ನು ಮೇಲೆ ನನ್ನ ಮುಖದಲ್ಲಿ ಯಾರೂ ಏನೂ ಓದಬಾರದು.

ಬೋಗ್ ಕ್ರೀಕ್ ಎಂಬುದು ಹತ್ತಿಹೊಲಗಳ ನಡುವಿನ ಸಣ್ಣ ಕಾಲೇಜು. ಅಲ್ಲಿ ಟೆರಿಯನ್ ಗೇಥರ್ಸ್ ಎಂಬ ಹುಡುಗನಿದ್ದ. ಅಕ್ಟೋಬರಿನಲ್ಲಿ ಅವನ ಆಟ ನೋಡಲು ನಾವಿಬ್ಬರೂ ಹೋಗಿದ್ದೆವು. ನೋಡಲು ಕುಳ್ಳ, ತೊಡೆ ಮಾತ್ರ ಮರದ ಬೊಡ್ಡೆ. ಚೆಂಡು ಕೈಗೆ ಬಂದೊಡನೆ ಎಲ್ಲರಂತೆ ಧಾವಿಸುತ್ತಿರಲಿಲ್ಲ. ಒಂದು ಗಳಿಗೆ ಕಾಯುತ್ತಿದ್ದ. ಮುಂದಿನ ಆಳುಗಳು ತಳ್ಳಾಡುತ್ತಿರುವಾಗ ಎಲ್ಲಿ ಸಂದು ಬೀಳುತ್ತದೆ ಎಂಬುದು ಅವನಿಗೆ ಹೇಗೋ ಗೊತ್ತಾಗುತ್ತಿತ್ತು. ಸಂದು ಬೀಳುವಷ್ಟರಲ್ಲಿ ಅಲ್ಲಿರುತ್ತಿದ್ದ. ಒಬ್ಬ ಬಂದು ಗುದ್ದಿದರೆ ಬೀಳುತ್ತಿರಲಿಲ್ಲ. ಇಬ್ಬರು ಗುದ್ದಿದರೆ ಅವರನ್ನೂ ಎಳೆದುಕೊಂಡು ಇನ್ನಷ್ಟು ದೂರ ಹೋಗಿ ಬೀಳುತ್ತಿದ್ದ. ಆದರೆ ವೇಗ ಇರಲಿಲ್ಲ. ಬಯಲು ಸಿಕ್ಕರೂ ಹಿಂದಿನಿಂದ ಬಂದು ಹಿಡಿಯುತ್ತಿದ್ದರು.

ನಾನು ಇಷ್ಟನ್ನು ನೋಡಿದೆ. ಆರ್ಲಿಸ್ ನೋಡುತ್ತಿದ್ದದ್ದು ಬೇರೆ. ಹುಡುಗನ ಕೈಯಲ್ಲಿ ಚೆಂಡು ಇಲ್ಲದಾಗ ಆರ್ಲಿಸ್‌ನ ಕುತ್ತಿಗೆ ಮುಂದಕ್ಕೆ ಚಾಚಿಕೊಳ್ಳುತ್ತಿತ್ತು. ಚೆಂಡು ಎಸೆಯುವವನು ಹಿಂದೆ ಸರಿದು ಗುರಿ ಹುಡುಕುತ್ತಾನಲ್ಲ, ಆಗ ಎದುರಾಳಿ ಕಡೆಯ ಒಬ್ಬ ದೈತ್ಯ ಅವನನ್ನು ಕೆಡವಲು ಓಡಿ ಬರುತ್ತಾನೆ. ರನ್ನಿಂಗ್ ಬ್ಯಾಕ್ ಅಡ್ಡ ನಿಂತು ಆ ಹೊಡೆತ ತಿನ್ನಬೇಕು. ಹೆಸರು ಮಾಡಿದ ಹುಡುಗರೆಲ್ಲ ಅಲ್ಲಿ ಸೊಂಟ ತಿರುಗಿಸಿ ಜಾರಿಕೊಳ್ಳುತ್ತಾರೆ. ಗೇಥರ್ಸ್ ಬಗ್ಗಿ, ಆ ಆಳಿನ ಪಕ್ಕೆಗೆ ಭುಜ ಕೊಟ್ಟು, ಅವನನ್ನು ಎತ್ತಿ ಹಾಕಿದ. ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಜನರ ಕಣ್ಣೆಲ್ಲ ಚೆಂಡಿನ ಮೇಲೆ. ನಾನು ಆರ್ಲಿಸ್‌ನತ್ತ ನೋಡಿದೆ. ದವಡೆ ನಿಂತಿತ್ತು. ನಾನು ನೋಡಿದ್ದು ಗೊತ್ತಾಗಿ ತಕ್ಷಣ ಎರಡು ಕಡಲೆಕಾಯಿ ಸಿಪ್ಪೆ ಸಮೇತ ಬಾಯಿಗೆ ಹಾಕಿಕೊಂಡ.

ದಾರಿಯಲ್ಲಿ ಮೀನು ತಿನ್ನುವಾಗ ಅವನೇ ಹೇಳಿದ, ಹುಡುಗನ ವಿಷಯವಲ್ಲ, ತನ್ನ ವಿಷಯ.

"ಮೇನಲ್ಲಿ ನನ್ನ ಕಾಂಟ್ರಾಕ್ಟ್ ಮುಗಿಯುತ್ತೆ. ಮುಂದುವರಿಸಲ್ಲ ಅಂತ ಹೇಳಿಬಿಟ್ಟಿದ್ದಾರೆ. ಆ ಕೀಗನ್ ಹುಡುಗ."

ಕೀಗನ್ ಅವನ ತಂಡದ ಹೊಸ ಮ್ಯಾನೇಜರು, ಆರ್ಲಿಸ್‌ನ ಮಗಳಿಗಿಂತ ಚಿಕ್ಕವನು.

"ಏನಂತೆ ಕಾರಣ?"

"ಹಳೇ ಕಣ್ಣಂತೆ. ಅವನ ಕಂಪ್ಯೂಟರಿಗೆ ಮಂಡಿನೋವು ಬರಲ್ವಂತೆ." ನಕ್ಕ. ಆಮೇಲೆ ನಗು ನಿಲ್ಲಿಸಿ, "ಇದು ಕೊನೇ ಡ್ರಾಫ್ಟು ಬಾಯ್ಡ್. ಹೋಗೋಕೆ ಮುಂಚೆ ಒಬ್ಬನೇ ಒಬ್ಬ ಹುಡುಗನ್ನ, ಇವನನ್ನ ನಾನು ಕಂಡುಹಿಡಿದೆ ಅಂತ ಎದೆ ತಟ್ಕೊಂಡು ಹೇಳೋಂಥವನನ್ನ, ನನ್ನ ತಂಡದ ಬಟ್ಟೇಲಿ ನೋಡಬೇಕು ಅಷ್ಟೆ" ಎಂದ. ಯಾರನ್ನು ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಮಾರ್ಚಿನಲ್ಲಿ ಪ್ರತಿ ಕಾಲೇಜೂ ಒಂದು ದಿನ ಗೊತ್ತುಮಾಡಿ ನಮ್ಮನ್ನು ಕರೆಯುತ್ತದೆ. ಅವತ್ತು ಕೊನೆಯ ವರ್ಷದ ಹುಡುಗರು ಓಡಿ, ಜಿಗಿದು, ಚೆಂಡು ಹಿಡಿದು ತೋರಿಸಬೇಕು. ನಾವು ಸ್ಟಾಪ್‌ವಾಚ್ ಹಿಡಿದು, ಜಾನುವಾರು ಸಂತೆಯಲ್ಲಿ ಹಲ್ಲು ನೋಡುವವರ ಹಾಗೆ ನೋಡಬೇಕು. ಬೋಗ್ ಕ್ರೀಕ್‌ನಲ್ಲಿ ಕೂರಲು ಜಾಗವಿಲ್ಲ, ನಮ್ಮ ಮಡಚುವ ಕುರ್ಚಿ ನಾವೇ ಒಯ್ಯಬೇಕು. ತಂತಿಬೇಲಿಯ ಆಚೆ ಹುಡುಗರ ಮನೆಯವರು ನಿಂತಿದ್ದರು. ಗೇಥರ್ಸ್‌ನನ್ನು ಸಾಕಿದ ಚಿಕ್ಕಮ್ಮ ಮಿಸ್ ವರ್ನೆಲ್, ಚರ್ಚಿಗೆ ಹೋಗುವಾಗಿನ ಹಳದಿ ಟೋಪಿ ಹಾಕಿಕೊಂಡು ಎಲ್ಲರಿಗಿಂತ ಮುಂದೆ ಇದ್ದಳು.

ಗೇಥರ್ಸ್ ಓಡಿದ. ಸ್ಟಾಪ್‌ವಾಚ್ ನೋಡಿ ನಾವೆಲ್ಲ ತುಟಿ ಬಿಗಿದೆವು. ನಿಧಾನ, ನಾವು ಹೆದರಿದ್ದಕ್ಕಿಂತಲೂ ನಿಧಾನ. ಆದರೆ ಅದು ಅವನ ಆಟವೇ ಅಲ್ಲ. ಅವನ ಆಟ ಇನ್ನು ಮುಂದೆ ಇತ್ತು: ಕಂಬಗಳ ನಡುವೆ ಕಾಲು ಬದಲಿಸುವುದು, ಓಡುತ್ತಲೇ ಚೆಂಡು ಹಿಡಿಯುವುದು, ಮೇಲೆರಗುವವನನ್ನು ತಡೆಯುವುದು. ಹುಡುಗ ಬೆವರು ಒರೆಸಿಕೊಂಡು, ಚೆಂಡು ಕೈಯಲ್ಲಿ ಹಿಡಿದು ನಮ್ಮತ್ತ ತಿರುಗಿದ.

ಆಗಲೇ ಆರ್ಲಿಸ್ ಎದ್ದ. ಎಲ್ಲರಿಗೂ ಕೇಳುವಂತೆ ಆಕಳಿಸಿದ. ಕುರ್ಚಿಯನ್ನು ಪಟಾರನೆ ಮಡಚಿದ.

"ನಡೀರಪ್ಪ, ಊಟಕ್ಕೆ ಹೊತ್ತಾಯ್ತು. ಇಲ್ಲಿ ನೋಡೋಕೆ ಇನ್ನೇನಿದೆ ಮಣ್ಣು?"

ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಈ ಪುಣ್ಯಾತ್ಮ ಮೈದಾನದ ನಡುವೆಯೇ, ಹುಡುಗ ನಿಂತಿದ್ದ ಜಾಗದ ಪಕ್ಕದಲ್ಲೇ, ಅವನ ಮುಖವನ್ನೂ ನೋಡದೆ ಕುರ್ಚಿ ಬಗಲಲ್ಲಿಟ್ಟುಕೊಂಡು ಹೊರಟ. ಬೇಲಿಯ ಬಾಗಿಲು ಮಿಸ್ ವರ್ನೆಲ್ ನಿಂತ ಕಡೆಯೇ ಇತ್ತು. ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಹಿಂದೆಯೇ ಇನ್ನೂ ನಾಲ್ಕೈದು ಜನ, ಆರ್ಲಿಸ್ ಎದ್ದ ಮೇಲೆ ತಮಗೇನು ಕೆಲಸ ಎಂದು, ಕುರ್ಚಿ ಮಡಚಿದರು. ರನ್ನಿಂಗ್ ಬ್ಯಾಕ್ ವಿಷಯದಲ್ಲಿ ಆರ್ಲಿಸ್ ಪೆಟಿಗ್ರೂ ಎದ್ದು ಹೋದನೆಂದರೆ ಅದಕ್ಕಿಂತ ಬೇರೆ ತೀರ್ಪು ಬೇಕೆ?

ನನಗೆ ಮೈ ಉರಿಯಿತು. ಯಾಕೆಂದರೆ ಅವನು ಕೂತಿದ್ದ ಕಡೆ ಹುಲ್ಲಿನ ಮೇಲೆ ಕಡಲೆಕಾಯಿ ಪೊಟ್ಟಣ ಹಾಗೇ ಬಿದ್ದಿತ್ತು. ಒಂದು ಕಾಯಿಯನ್ನೂ ಮುಟ್ಟಿರಲಿಲ್ಲ. ಬೆಳಗಿನಿಂದ ಅವನಿಗೆ ಜಗಿಯಲು ಆಗಿರಲಿಲ್ಲ!

ನಾನು ಕೊನೆಯವರೆಗೂ ಕೂತೆ. ಹುಡುಗ ಎಲ್ಲವನ್ನೂ ಮಾಡಿ ತೋರಿಸಿದ, ನೀರಿನ ಹಾಗೆ ಹರಿದಾಡಿದ. ಆದರೆ ನಡುನಡುವೆ ಖಾಲಿಯಾದ ಜಾಗದತ್ತ ಅವನ ಕಣ್ಣು ಹೋಗುತ್ತಿತ್ತು. ಆಮೇಲೆ ನಾನು ಹತ್ತಿರ ಹೋಗಿ ಬೆನ್ನು ತಟ್ಟಿದೆ, ಮಿಸ್ ವರ್ನೆಲ್‌ಗೆ ಟೋಪಿ ತೆಗೆದು ನಮಸ್ಕಾರ ಹೇಳಿದೆ. ಅಷ್ಟೇ ನಾನು ಮಾಡಿದ್ದು. ಯಾವ ದಾರಿಹೋಕನೂ ತೋರಬಹುದಾದಷ್ಟು ಮರ್ಯಾದೆ.

ಊರಾಚೆಯ ಪೆಟ್ರೋಲ್ ಬಂಕಿನಲ್ಲಿ ಆರ್ಲಿಸ್ ನನ್ನ ಕಾರಿಗಾಗಿ ಕಾಯುತ್ತಿದ್ದ. ಮುಖದಲ್ಲಿ ದೀಪಾವಳಿ.

"ಹೆಂಗಿತ್ತು?" ಎಂದ.

"ಏನು ಹೆಂಗಿತ್ತು?"

"ಏನೂ ಇಲ್ಲ ಬಿಡು. ನಾನು ಸಿನಿಮಾದಲ್ಲಿ ಸೇರ್ಕೋಬೇಕಾಗಿತ್ತು ಅಲ್ವಾ?"

"ನೀನು ಕತ್ತೆ ಕಾಯೋಕೆ ಸೇರ್ಕೋಬೇಕಾಗಿತ್ತು" ಎಂದೆ. ಹುಡುಗನ ಬಗ್ಗೆ ಅದಕ್ಕಿಂತ ಹೆಚ್ಚು ಹೇಳಲು ನಮ್ಮ ಕಸುಬಿನ ರೂಢಿ ಬಿಡಲಿಲ್ಲ. ಪೊಟ್ಟಣ ಅವನ ಮಡಿಲಿಗೆ ಎಸೆದೆ. ಅವನು ದಾರಿಯುದ್ದಕ್ಕೂ ಗಬಗಬ ತಿಂದ.

ಏಪ್ರಿಲ್ ಕೊನೆಗೆ ಡ್ರಾಫ್ಟ್ ಬಂತು. ಮೂರು ದಿನ, ಸುತ್ತಿನ ಮೇಲೆ ಸುತ್ತು, ತಂಡಗಳು ಸರದಿಯ ಪ್ರಕಾರ ಒಬ್ಬೊಬ್ಬ ಹುಡುಗನ ಹೆಸರು ಕೂಗುತ್ತವೆ. ಹೆಸರು ಕೂಗಿದ ತಂಡಕ್ಕೆ ಹುಡುಗ ಹೋಗಲೇಬೇಕು, ಇಷ್ಟ ಇರಲಿ ಬಿಡಲಿ. ಯಾರೂ ಕೂಗದೆ ಉಳಿದವನು ಮಾತ್ರ ಸ್ವತಂತ್ರ. ಎಲ್ಲ ಮುಗಿದ ಮೇಲೆ ಕರೆ ಬಂದ ತಂಡಗಳಲ್ಲಿ ತನಗೆ ಬೇಕಾದ್ದಕ್ಕೆ ಹೂಂ ಎನ್ನಬಹುದು.

ನಾನು ನಮ್ಮವರಿಗೆ ಗೇಥರ್ಸ್‌ನನ್ನು ನಡುವಿನ ಸುತ್ತಿನಲ್ಲೇ ತೆಗೆದುಕೊಳ್ಳಿ ಎಂದು ಹೇಳಿದ್ದೆ. ನಮ್ಮ ದೊಡ್ಡವರು ನಕ್ಕರು. "ಪೆಟಿಗ್ರೂನೇ ಎದ್ದು ಹೋದನಂತಲ್ಲ? ಇಡೀ ಲೀಗಿಗೇ ಗೊತ್ತು" ಎಂದರು. ಅದು ನಾಟಕ ಎಂದೆ. ನಿನಗೆ ಅವನು ಸ್ನೇಹಿತ, ಅದಕ್ಕೇ ಹಾಗೆ ಹೇಳುತ್ತೀಯ ಎಂದರು. ತಲೆ ಚಚ್ಚಿಕೊಳ್ಳುವಂತಾಯಿತು. "ಉಳಿದರೆ ನೋಡೋಣ, ನಿನ್ನ ಮನೆ ಹತ್ತಿರ ತಾನೆ, ಕೊನೇ ದಿನ ಅವರ ಮನೇಲಿ ಹೋಗಿ ಕೂತಿರು" ಎಂದು ನನ್ನನ್ನು ಸಾಗಹಾಕಿದರು.

ಅದೇ ಹೊತ್ತಿನಲ್ಲಿ ಆರ್ಲಿಸ್‌ನ ತಂಡದ ಕೋಣೆಯಲ್ಲಿ ಏನಾಯಿತೆಂದು ಡ್ರಾಫ್ಟ್ ಮುಗಿದ ರಾತ್ರಿ ಅವನೇ ಫೋನಿನಲ್ಲಿ ಹೇಳಿದ. ಗೇಥರ್ಸ್ ಬಗ್ಗೆ ತನಗೆ ನಿಜವಾಗಿ ಅನ್ನಿಸಿದ್ದನ್ನು ಅವನು ಕೀಗನ್‌ಗೆ ಮೊದಲೇ ಹೇಳಿದ್ದ, ಎದ್ದು ಹೋದದ್ದು ನಾಟಕವೆಂಬುದನ್ನೂ ಬಿಡಿಸಿ ಹೇಳಿದ್ದ. ಮೂರನೆಯ ದಿನ ಅವರ ಸರದಿ ಬಂದಾಗ ಎದ್ದು ನಿಂತು, ಈಗಲೇ ತೆಗೆದುಕೊಳ್ಳಿ ಎಂದ.

"ಯಾಕೆ ಈಗ?" ಎಂದನಂತೆ ಕೀಗನ್. "ಬೇರೆ ಯಾರಿಗಾದ್ರೂ ಬೇಕಾ ಅವನು?"

"ಯಾರಿಗೂ ಬೇಡ. ಬೇಡ ಅನ್ನೋ ಹಾಗೆ ನಾನೇ ಮಾಡಿದ್ದೀನಿ ಸರ್. ನಿಮಗೋಸ್ಕರ!"

"ಬಹಳ ಚೆನ್ನಾಗಿ ಮಾಡಿದ್ದೀರಿ ಕೋಚ್. ಹಂಗಾದ್ರೆ ಅವಸರ ಏನು? ಮುಗಿದ ಮೇಲೆ ಬಿಟ್ಟಿ ಸಿಗ್ತಾನಲ್ಲ. ಈ ಸರದೀಲಿ ಇನ್ನೊಬ್ಬನ್ನ ತಗೊಳ್ಳೋಣ."

ಪ್ರತಿ ಸುತ್ತಿನಲ್ಲೂ ಆರ್ಲಿಸ್ ಎದ್ದ, ಪ್ರತಿ ಸುತ್ತಿನಲ್ಲೂ ಇದೇ ಉತ್ತರ. ಕೊನೆಯ ಸುತ್ತಿನಲ್ಲಿ ಮೇಜು ಗುದ್ದಿದನಂತೆ. ಅವರು ಬರೀ ಚೆಂಡು ಒದೆಯಲು ಇಳಿಯುವ ಒಬ್ಬನನ್ನು ಆರಿಸಿದರು.

ನಾನು ಮಿಸ್ ವರ್ನೆಲ್ ಮನೆಯಲ್ಲಿದ್ದೆ. ಚಿಕ್ಕ ಮನೆ, ಅಕ್ಕಪಕ್ಕದವರು, ಚರ್ಚಿನವರು, ಶಾಲೆಯ ಕೋಚು, ಎಲ್ಲ ತುಂಬಿದ್ದರು. ಕರಿದ ಮೀನು, ಸ್ಪಗೆಟ್ಟಿ, ಒಂದು ಪಾತ್ರೆ ತುಂಬ ಸಕ್ಕರೆ ಹಾಕಿದ ತಣ್ಣನೆಯ ಚಹಾ. ಬೆಳಿಗ್ಗೆ ಗದ್ದಲವಿತ್ತು. ಟೀವಿಯಲ್ಲಿ ಹೆಸರುಗಳು ಮುಗಿಯುತ್ತ ಬಂದ ಹಾಗೆ ಒಬ್ಬೊಬ್ಬರೇ ಏನೋ ನೆಪ ಹೇಳಿ ಎದ್ದು ಹೋದರು. ಗೇಥರ್ಸ್ ನೆಲದ ಮೇಲೆ ಕೂತು ಬೂಟಿನ ಲೇಸು ಬಿಚ್ಚುತ್ತಿದ್ದ, ಮತ್ತೆ ಕಟ್ಟುತ್ತಿದ್ದ. ಕೊನೆಯ ಹೆಸರು ಮುಗಿದಾಗ ಮಿಸ್ ವರ್ನೆಲ್ ಟೀವಿ ಆರಿಸಿದಳು.

"ಹೋಗ್ಲಿ ಬಿಡು ಮಗಾ. ಮೀನು ತಣ್ಣಗಾಗ್ತಿದೆ, ತಿನ್ನು."

ಒಂದೇ ನಿಮಿಷಕ್ಕೆ ಫೋನು ಹೊಡೆದುಕೊಂಡಿತು. ಮೊದಲ ಕರೆಯೇ ಆರ್ಲಿಸ್‌ನದು. ಹುಡುಗ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದ.

"ಮಗಾ, ನಾನು ಪೆಟಿಗ್ರೂ. ಈ ವರ್ಷ ನಾನು ನೋಡಿದ ಹುಡುಗರಲ್ಲೆಲ್ಲ ನೀನೇ ಮೇಲು. ಬಂದುಬಿಡು ನಮ್ಮ ತಂಡಕ್ಕೆ. ನಿನ್ನನ್ನ ತಗೊಳ್ಳಿ ಅಂತ ಬೆಳಗ್ಗೆಯಿಂದ ಗಂಟಲು ಹರ್ಕೊಂಡಿದ್ದೀನಿ."

ಹುಡುಗ ಫೋನನ್ನೇ ನೋಡಿದ. "ಸರ್, ಅವತ್ತು ಕುರ್ಚಿ ಮಡಚಿದ್ದು ನೀವೇ ಅಲ್ವಾ?"



"ಅವರೇ" ಎಂದಳು ಮಿಸ್ ವರ್ನೆಲ್. "ನಾನೇ ದಾರಿ ಬಿಟ್ಟೆನಲ್ಲ. ಈ ದನಿ ಮರೀತೀನಾ? ನೋಡೋಕೆ ಏನಿದೆ ಮಣ್ಣು ಅಂದ್ರು."

"ಅಮ್ಮಾ, ಅದು..." ಎಂದ ಆರ್ಲಿಸ್.

ನನ್ನ ತಂಡಕ್ಕೆ ಹುಡುಗ ಬೇಕಾಗಿದ್ದ. ಅದಕ್ಕೇ ನಾನು ಅಲ್ಲಿ ಕೂತಿದ್ದೆ. ಆದರೂ ತಡೆಯಲಾಗಲಿಲ್ಲ. ರೂಢಿ ಹಾಳಾಗಿ ಹೋಗಲಿ ಎಂದು ಬಾಯಿ ಬಿಟ್ಟೆ.

"ಮಿಸ್ ವರ್ನೆಲ್, ಅದು ನಾಟಕ. ಬೇರೆ ತಂಡದವರಿಗೆ ಗೊತ್ತಾಗಬಾರದು ಅಂತ ಹಂಗೆ ಮಾಡಿದ. ಅವತ್ತು ಅಲ್ಲಿದ್ದವರಲ್ಲಿ ನಿಮ್ಮ ಹುಡುಗನ್ನ ಎಲ್ಲರಿಗಿಂತ ಹೆಚ್ಚು ಮೆಚ್ಚಿದ್ದವನು ಅವನೇ. ದೇವರಾಣೆ."

ಅವಳು ನನ್ನತ್ತ ತಿರುಗಿದಳು. "ಹಂಗಾದ್ರೆ ಇನ್ನೂ ಕೆಟ್ಟದ್ದಾಯ್ತಲ್ಲ. ಇಷ್ಟ ಇಲ್ದೆ ಎದ್ದು ಹೋಗಿದ್ರೆ ಅದು ಅವರ ಕಣ್ಣು, ಏನೋ ಕಾಣಿಸಲಿಲ್ಲ ಅನ್ಬೋದಿತ್ತು. ಗೊತ್ತಿದ್ದೂ ನಮ್ಮ ಜನರ ಮುಂದೆ ನನ್ನ ಮಗನ ಮುಖಕ್ಕೆ ಮಣ್ಣೆರಚಿದ್ರಲ್ಲ."

"ಯಾರಿಗೂ ಗೊತ್ತಾಗಬಾರದು ಅಂತ ಮಾಡಿದ್ರಲ್ಲ ಸರ್" ಎಂದ ಹುಡುಗ ಫೋನಿಗೆ, ದನಿ ಏರಿಸದೆ. "ನನಗೂ ಗೊತ್ತಾಗಲಿಲ್ಲ. ಅವತ್ತಿಂದ ಇವತ್ತಿನವರೆಗೂ, ನಾನು ಯಾಕೆ ಓಡ್ತಿದ್ದೀನಿ ಅಂತಾನೇ ಅನ್ನಿಸ್ತಿತ್ತು. ಥ್ಯಾಂಕ್ಸ್ ಸರ್." ಫೋನ್ ಇಟ್ಟ. ಆಮೇಲೆ ನನ್ನತ್ತ ನೋಡಿ, "ನೀವು ಕೊನೇವರೆಗೂ ಕೂತಿದ್ರಿ. ನಿಮ್ಮ ತಂಡಕ್ಕೇ ಬರ್ತೀನಿ" ಎಂದ.

ಗೆದ್ದೆ ಎನ್ನಬೇಕು. ಕಾರಿನಲ್ಲಿ ಕೂತು ಸ್ಟಿಯರಿಂಗ್ ಗುದ್ದಿದೆ. ಯಾರ ಮೇಲೆ ಸಿಟ್ಟು ಎಂದು ಕೇಳಿದರೆ ಹೇಳುವುದು ಕಷ್ಟ. ಎಲ್ಲವನ್ನೂ ಬಿಟ್ಟಿ ತಿನ್ನಲು ಕಾಯುವ ಕೀಗನ್‌ನಂಥವರ ಮೇಲೆ, ಕಣ್ಣಿದ್ದೂ ಇನ್ನೊಬ್ಬರ ಕುರ್ಚಿ ನೋಡಿ ತೀರ್ಮಾನ ಮಾಡುವ ನಮ್ಮ ದೊಡ್ಡವರ ಮೇಲೆ. ಎಲ್ಲಕ್ಕಿಂತ ಹೆಚ್ಚು, ಜೀವಮಾನವೆಲ್ಲ ಮುಖದಲ್ಲಿ ಸತ್ಯ ಹೊತ್ತು ತಿರುಗಿ, ಒಂದೇ ಒಂದು ದಿನ ಅದನ್ನು ಮುಚ್ಚಿಟ್ಟು ಎಲ್ಲ ಕಳೆದುಕೊಂಡ ಆ ಮುದಿಯನ ಮೇಲೆ.

ಮೇ ತಿಂಗಳಲ್ಲಿ ಕಾಂಟ್ರಾಕ್ಟ್ ಮುಗಿದು ಆರ್ಲಿಸ್ ಮನೆ ಸೇರಿದ. ಹೆಂಡತಿ ನೋರೀನ್ ಅವನನ್ನು ತೋಟದ ಕಳೆ ಕೀಳಲು ಹಚ್ಚಿದಳು. ನಾನು ಹೋದಾಗೆಲ್ಲ ಹವಾಮಾನ ಮಾತಾಡುತ್ತಿದ್ದ, ಮಂಡಿನೋವು ಮಾತಾಡುತ್ತಿದ್ದ. ಹುಡುಗನ ಹೆಸರು ಎತ್ತುತ್ತಿರಲಿಲ್ಲ. ಕೆಲಸ ಹೋದರೂ ರೂಢಿ ಹೋಗಿರಲಿಲ್ಲ.

ನವೆಂಬರಿನ ಒಂದು ಭಾನುವಾರ, ಚರ್ಚ್ ಮುಗಿದ ಮೇಲೆ ಅವನ ಮನೆಯಲ್ಲಿ ಕೂತಿದ್ದೆ. ಟೀವಿಯಲ್ಲಿ ನಮ್ಮ ತಂಡದ ಆಟ. ಅಲ್ಲಿಯವರೆಗೂ ಗೇಥರ್ಸ್‌ನನ್ನು ಬರೀ ಅಭ್ಯಾಸಕ್ಕೆ ಇಟ್ಟುಕೊಂಡಿದ್ದರು. ಅವತ್ತು ಇಬ್ಬರಿಗೆ ಪೆಟ್ಟಾಗಿ ಇವನನ್ನು ಇಳಿಸಿದರು. ನಮ್ಮ ಚೆಂಡು ಎಸೆಯುವವನು ಹಿಂದೆ ಸರಿದ. ಎಡಗಡೆಯಿಂದ ಒಬ್ಬ ದೈತ್ಯ, ತಡೆಯಲು ಯಾರೂ ಇಲ್ಲದೆ, ನುಗ್ಗಿ ಬಂದ. ಗೇಥರ್ಸ್ ಬಗ್ಗಿ ಅವನ ಪಕ್ಕೆಗೆ ಭುಜ ಕೊಟ್ಟ. ಆ ಆಳು ಹಿಮ್ಮುಖವಾಗಿ ಬಿದ್ದ. ಚೆಂಡು ದೂರ ಹೋಗಿ ಯಾರದೋ ಕೈ ಸೇರಿತು, ಟೀವಿಯವರು ಎಸೆದವನನ್ನೂ ಹಿಡಿದವನನ್ನೂ ಹೊಗಳಿದರು. ಗೇಥರ್ಸ್‌ನ ಹೆಸರನ್ನು ಯಾರೂ ಹೇಳಲಿಲ್ಲ.

ಆರ್ಲಿಸ್ ಎದ್ದು ನಿಂತಿದ್ದ. ಮಡಿಲಲ್ಲಿದ್ದ ಕಡಲೆಕಾಯಿಯೆಲ್ಲ ನೆಲದ ಮೇಲೆ. ಚಪ್ಪಾಳೆ ಹೊಡೆಯುತ್ತಿದ್ದ, ಕೈ ಕೆಂಪಾಗುವಂತೆ, ನಿಲ್ಲಿಸದೆ.

"ಕೂತ್ಕೊಳ್ರೀ, ಮಂಡಿ ನೋವು ಅಂತೀರಿ" ಎಂದಳು ನೋರೀನ್ ಅಡುಗೆಮನೆಯಿಂದ. ಅವನು ಕೂರಲಿಲ್ಲ. ನಾನು ಕಡಲೆಕಾಯಿ ಆರಿಸುವ ನೆಪದಲ್ಲಿ ತಲೆ ತಗ್ಗಿಸಿದೆ.

ಮರುದಿನ ಹುಡುಗನಿಗೆ ಫೋನ್ ಮಾಡಿ ಶಹಭಾಸ್ ಹೇಳಿದೆ. ಆಮೇಲೆ, ಹೇಳಲೋ ಬೇಡವೋ ಎಂದುಕೊಳ್ಳುತ್ತಲೇ, "ಪೆಟಿಗ್ರೂ ನೋಡಿದ್ರು. ಎದ್ದು ನಿಂತು ಚಪ್ಪಾಳೆ ಹೊಡೆದ್ರು" ಎಂದೆ.

"ಯಾವುದಕ್ಕೆ ಸರ್?"

"ನೀನು ಆ ಆಳನ್ನ ತಡೆದದ್ದಕ್ಕೆ."



"ಈಗಾ? ಅವತ್ತು ಕುರ್ಚಿ ಮಡಚಿದವರು?" ಎಂದ.

ಹೂಂ ಎಂದೆ.